ಸಾಲಗುಂದದ ದಾರಿ ಹಿಡಿದ ಮಾಸ್ತರರು

ಹೊಸದಾಗಿ ನೇಮಕವಾದ ಉಪಾಧ್ಯಾಯನಿಗೆ ತಾನು ಹೋಗಬೇಕಾದ ಊರು ಮೊದಲು ಕಾಣುವುದು ಕಣ್ಣೆದುರಿನಲ್ಲಲ್ಲ, ಕಾಗದದಲ್ಲಿ. ಹಿಂದೆ ಅದು ಅಂಚೆಯಲ್ಲಿ ಬಂದ ಆದೇಶ. ಈಗ ಕೌನ್ಸೆಲಿಂಗ್ ನಡೆಯುವ ಕೋಣೆಯ ಪರದೆಯ ಮೇಲಿನ ಒಂದು ಸಾಲು. ‘ಸಾಲಗುಂದ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ.’ ಮೈಸೂರಿನ ಕಡೆಯ ತರುಣನಾದರೆ ಪಕ್ಕದವನನ್ನು ಕೇಳುತ್ತಾನೆ: ‘ಅದೆಲ್ಲಿ ಬರುತ್ತೆ?’ ಪಕ್ಕದವನು ಹೇಳುವುದು ಬಿಸಿಲಿನ ಸಂಗತಿ. ರಾಯಚೂರು ಎಂದೊಡನೆ ನಮ್ಮ ನಗರವಾಸಿಗಳಿಗೆ ನೆನಪಾಗುವುದು ಬಿಸಿಲೊಂದೇ. ಆ ಸೀಮೆಯ ಶಾಲೆಗೆ ಮಾಸ್ತರನಾಗಿ ಹೋಗುವುದೆಂದರೆ ಏನರ್ಥವಾಗಿತ್ತು, ಯಾವ ಭಾಷೆಯನ್ನು ಹೊತ್ತುಕೊಂಡು ಹೋಗಬೇಕಾಗಿತ್ತು, ಊರು ಅವನನ್ನು ಯಾವ ಬಗೆಯಲ್ಲಿ ನೋಡುತ್ತಿತ್ತು ಎಂಬ ಕಥೆಯನ್ನು ನಾವು ಅಷ್ಟಾಗಿ ಕೇಳಿಲ್ಲ. ನಾಡಿನ ಚರಿತ್ರೆ ಬರೆಯುವವರು ಕೃಷ್ಣೆ ತುಂಗಭದ್ರೆಯರ ನಡುವಣ ಈ ದೋಆಬನ್ನು ಕಾಳಗದ ಬಯಲೆಂದೇ ಬಣ್ಣಿಸುತ್ತಾರೆ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿದ್ದು ಇಲ್ಲೇ ಎಂಬುದು ನಮಗೆಲ್ಲ ಬಾಯಿಪಾಠ. ಆದರೆ ಕುದುರೆ ಆನೆಗಳು ಹೋದ ಮೇಲೆ ಆ ನೆಲದಲ್ಲಿ ಮಕ್ಕಳು ಅಕ್ಷರ ಕಲಿತದ್ದು ಹೇಗೆ?

ಅಕ್ಷರವೇನೋ ಅಲ್ಲಿಗೆ ಬಹು ಹಿಂದೆಯೇ ಬಂದಿತ್ತು. ಸಿಂಧನೂರಿಗೆ ಸಮೀಪದ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅದನ್ನು ಕಂಡುಹಿಡಿದರು. ‘ದೇವಾನಾಂಪ್ರಿಯ’ನೆಂಬ ಅರಸನು ಅಶೋಕನೇ ಎಂಬುದನ್ನು ಹೆಸರು ಸಹಿತ ಸಾರಿ ಹೇಳಿದ್ದು ಆ ಬಂಡೆ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಕುರಿ ಕಾಯುವವರು ಅದರ ನೆರಳಿನಲ್ಲಿ ಕುಳಿತೆದ್ದು ಹೋದರು, ಓದಬಲ್ಲವರು ಮಾತ್ರ ಬರಲಿಲ್ಲ. ಬರಹ ಇದ್ದಮಾತ್ರಕ್ಕೆ ವಿದ್ಯೆ ಇದ್ದಂತಾಗಲಿಲ್ಲ. ಇದು ಮಸ್ಕಿಯ ಬಂಡೆಗೆ ಮಾತ್ರ ಸಲ್ಲುವ ಮಾತಲ್ಲವೆಂಬುದು ಮುಂದೆ ತಿಳಿದೀತು.

ಸರ್ಕಾರಿ ಶಾಲೆಗಳು ಬರುವ ಮುನ್ನ ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಅಯ್ಯನವರೊಬ್ಬರು ಮಠದ ಕಟ್ಟೆಯ ಮೇಲೋ ಗುಡಿಯ ಅಂಗಳದಲ್ಲೋ ಹತ್ತಾರು ಹುಡುಗರನ್ನು ಕೂಡಿಸಿಕೊಂಡು, ಮರಳು ಹರವಿ, ಅದರ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಮಗ್ಗಿಯೆಂದರೆ ಬರೀ ಒಂದೊಂದಲ ಒಂದಲ್ಲ. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೂ ಬಾಯಲ್ಲಿ ಬರಬೇಕು. ಅಮಾವಾಸ್ಯೆ ಹುಣ್ಣಿಮೆಗಳಿಗೆ ರಜೆ. ಸುಗ್ಗಿಯಲ್ಲಿ ಕೊಟ್ಟ ಜೋಳವೇ ಸಂಬಳ. ಈ ಮಠಗಳನ್ನು ಹೊಗಳಿ ಅಟ್ಟಕ್ಕೇರಿಸುವ ಗೋಜಿಗೆ ನಾವು ಹೋಗಲಾರೆವು. ಹೆಣ್ಣುಮಕ್ಕಳಿಗೆ ಅಲ್ಲಿ ಸಾಮಾನ್ಯವಾಗಿ ಎಡೆಯಿರಲಿಲ್ಲ, ಕೇರಿಯ ಮಕ್ಕಳಿಗಂತೂ ಬಾಗಿಲೇ ಇರಲಿಲ್ಲ. ಬೆತ್ತಕ್ಕೆ ಮಾತ್ರ ಬರವಿರಲಿಲ್ಲ. ಆದರೂ ಒಂದು ಮಾತನ್ನು ಒಪ್ಪಬೇಕು. ಅಯ್ಯನವರು ಆ ಊರವರು. ಹುಡುಗ ಮನೆಯಲ್ಲಿ ಆಡುವ ಮಾತನ್ನೇ ಮಠದಲ್ಲಿ ಕೇಳುತ್ತಿದ್ದ. ಮಾಸ್ತರನಾಗುವುದೆಂದರೆ ಪರ ಊರಿಗೆ ಗಂಟು ಕಟ್ಟುವುದು ಎಂಬ ಪದ್ಧತಿ ಇನ್ನೂ ಹುಟ್ಟಿರಲಿಲ್ಲ.

ಆ ಪದ್ಧತಿ ಬಂದದ್ದು ಸರ್ಕಾರದ ಇಲಾಖೆಯೊಡನೆ. ರಾಯಚೂರು ದೋಆಬನ್ನು 1853ರ ಒಪ್ಪಂದದಂತೆ ನಿಜಾಮರು ಬ್ರಿಟಿಷರ ಆಡಳಿತಕ್ಕೆ ಬಿಟ್ಟುಕೊಟ್ಟಿದ್ದರು. 1860ರಲ್ಲಿ ಅದು ಹೈದರಾಬಾದಿಗೆ ಮರಳಿ ಬಂತು. ಮುಂದೆ ಸಾಲಾರ್ ಜಂಗರ ಸುಧಾರಣೆಗಳಲ್ಲಿ ಜಿಲ್ಲೆಗಳು, ತಾಲ್ಲೂಕುಗಳು, ಇಲಾಖೆಗಳು ಹುಟ್ಟಿದವು. ಆಗ ಲಿಂಗಸುಗೂರೇ ಒಂದು ಜಿಲ್ಲೆ. 1905ರಲ್ಲಿ ಅದನ್ನು ಮುರಿದರು. 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದು ಕುಳಿತಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವಾಯಿತು. ಇಂಗ್ಲಿಷನ್ನು ಬದಿಗಿಟ್ಟು ಒಂದು ದೇಶಭಾಷೆಯಲ್ಲಿ ಉನ್ನತ ವಿದ್ಯೆಯನ್ನು ಕಲಿಸುವ ಆ ಸಾಹಸ ಇಡೀ ಭಾರತಕ್ಕೆ ಹೊಸದು. ಅದರ ಹಿರಿಮೆಯನ್ನು ಅಲ್ಲಗಳೆಯುವುದು ಸಣ್ಣತನ. ಆದರೆ ಆ ದೇಶಭಾಷೆ ರಾಜ್ಯದ ಬಹುಪಾಲು ಜನರ ಮನೆಮಾತಾಗಿರಲಿಲ್ಲ. ತೆಲುಗರು, ಮರಾಠಿಗರು, ಕನ್ನಡಿಗರು ಸೇರಿ ಆದ ರಾಜ್ಯ ಅದು.

ಹೀಗಾಗಿ ಹಳ್ಳಿಗೆ ಬಂದ ಹೊಸ ಮಾಸ್ತರ ‘ಮುದರ್ರಿಸ್’ ಆದ. ಪ್ರಾಥಮಿಕ ಶಾಲೆ ತಹತಾನಿಯಾ, ಅದರ ಮೇಲೆ ವಸ್ತಾನಿಯಾ, ಅದರ ಮೇಲೆ ಫೌಕಾನಿಯಾ. ತಿಂಗಳುಗಳೂ ಬೇರೆ: ಆಜೂರ್, ದೈ, ಬಹಮನ್. ವರ್ಷ ಫಸಲಿ, ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಮೆ ನಮ್ಮ ಇಸವಿ. ಸಂಬಳ ಹಾಲಿ ಸಿಕ್ಕಾದಲ್ಲಿ. ಏಳು ಹಾಲಿ ರೂಪಾಯಿಗೆ ಸುಮಾರು ಆರು ಇಂಗ್ರೇಜಿ ರೂಪಾಯಿ. ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅವಕಾಶವುಂಟೆಂದು ಕಾಗದದ ಮೇಲೆ ಇದ್ದದ್ದು ನಿಜ. ಆದರೆ ಮೇಲಿನ ತರಗತಿಗೆ ಹೋಗಬೇಕೆಂದರೆ, ಕಚೇರಿಯಲ್ಲಿ ಒಂದು ಅರ್ಜಿ ಕೊಡಬೇಕೆಂದರೆ, ಉರ್ದು ಬೇಕು. ಆದ್ದರಿಂದ ತಂದೆತಾಯಿಗಳ ಲೆಕ್ಕಾಚಾರ ಸರಳವಾಗಿತ್ತು. ನೌಕರಿ ಹಿಡಿಯುವ ಮನೆತನದ ಹುಡುಗ ಉರ್ದು ಕಲಿಯಲಿ. ಮಿಕ್ಕವರ ಮಕ್ಕಳು ಎತ್ತು ಕಾಯಲಿ. ಎತ್ತು ಕಾಯುವವರೇ ಊರಿನ ತುಂಬ ಇದ್ದರು. ಹೈದರಾಬಾದು ರಾಜ್ಯದಲ್ಲಿ 1951ರ ಜನಗಣತಿಯ ಹೊತ್ತಿಗೂ ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ.

ಖಾಸಗಿಯಾಗಿ ಕನ್ನಡ ಕಲಿಸುತ್ತೇವೆಂದು ಹೊರಟವರ ಪಾಡೂ ಸುಲಭದ್ದಾಗಿರಲಿಲ್ಲ. ಖಾಸಗಿ ಶಾಲೆ ತೆರೆಯಲು ಮೊದಲೇ ಸರ್ಕಾರದ ಅಪ್ಪಣೆ ಪಡೆಯಬೇಕೆಂಬ ನಿಯಮ 1920ರ ದಶಕದಲ್ಲಿ ಬಂತು. ಹಳ್ಳಿಯ ಕೂಲಿಮಠಗಳಿಗೆ ಬಿದ್ದ ಏಟು ಇದೇ. ಅರ್ಜಿ ಬರೆಯುವುದು ಹೇಗೆಂದು ತಿಳಿಯದ ಅಯ್ಯನವರು ಮರಳಿನ ಹಲಗೆಯನ್ನು ಅಟ್ಟಕ್ಕೆ ಹಾಕಿದರು. ನಗರಗಳಲ್ಲಿ ಮಾತ್ರ ಕೆಲವು ದೀಪಗಳು ಉಳಿದವು. ಕಲಬುರ್ಗಿಯ ನೂತನ ವಿದ್ಯಾಲಯ 1907ರಷ್ಟು ಹಿಂದಿನದು. ರಾಯಚೂರಿನಲ್ಲಿ 1920ರ ಸುಮಾರಿಗೆ ಪಂಡಿತ ತಾರಾನಾಥರು ಹಮ್ದರ್ದ್ ಶಾಲೆಯನ್ನು ಕಟ್ಟಿದರು.

ತಾರಾನಾಥರ ವಿಷಯದಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಅವರು ದೋಆಬಿನವರಲ್ಲ, ಕರಾವಳಿಯವರು. ವೈದ್ಯ ಕಲಿಯಲು ಹೈದರಾಬಾದಿಗೆ ಬಂದವರು, ರಾಯಚೂರಿಗೆ ಬಂದು ಮೇಷ್ಟರಾದರು. ಹೊರಗಿನವನು ಹಿಂದುಳಿದ ಸೀಮೆಗೆ ಬಂದು ಶಾಲೆ ಕಟ್ಟುವುದೆಂದರೆ ಸಾಮಾನ್ಯವಾಗಿ ಉಪಕಾರದ ಗತ್ತು ಬಂದುಬಿಡುತ್ತದೆ. ಇವರು ಶಾಲೆಗೆ ಇಟ್ಟ ಹೆಸರನ್ನೇ ನೋಡಿ: ಹಮ್ದರ್ದ್, ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು. ಉರ್ದು ಹೆಸರು, ಹಿಂದೂ ಮುಸಲ್ಮಾನರಿಬ್ಬರ ಮಕ್ಕಳು, ಕನ್ನಡದ ಮಮತೆ. ಭಾಷೆಯ ಹೆಸರಿನಲ್ಲಿ ಜಗಳವಾಡದೆ ಭಾಷೆಯ ಕೆಲಸ ಮಾಡಬಹುದೆಂಬುದಕ್ಕೆ ಆ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು. ತುಂಗಭದ್ರೆಯ ದಂಡೆಯಲ್ಲಿ ಅವರು ಕಟ್ಟಿದ ಪ್ರೇಮಾಯತನ ಆಮೇಲಿನ ಕಥೆ.

1928ರಲ್ಲಿ ಕಲಬುರ್ಗಿಯಲ್ಲಿ ಬಿ.ಎಂ.ಶ್ರೀ. ಅವರ ಅಧ್ಯಕ್ಷತೆಯಲ್ಲಿಯೂ 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿಯೂ ಸಾಹಿತ್ಯ ಸಮ್ಮೇಳನಗಳು ನಡೆದವು. ಪಂಜೆಯವರು ಬರಿಯ ಕವಿಯಲ್ಲ. ಮಾಸ್ತರರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ ದಕ್ಷಿಣ ಕನ್ನಡದ ಹಳ್ಳಿಶಾಲೆಗಳನ್ನು ಅಲೆದವರು. ಕನ್ನಡ ಮಕ್ಕಳ ಬಾಯಿಗೆ ಹಾಡು ಕೊಟ್ಟವರು. ಅಂಥವರು ರಾಯಚೂರಿಗೆ ಬಂದು ಪೀಠದಲ್ಲಿ ಕುಳಿತ ದಿನ, ಅದೇ ಜಿಲ್ಲೆಯ ಹಳ್ಳಿಯ ಹುಡುಗನಿಗೆ ಮನೆಮಾತು ಒಂದು, ಮುಂದೆ ಬರುವ ಪರೀಕ್ಷೆಯ ಭಾಷೆ ಇನ್ನೊಂದು. ಸಭೆಯಲ್ಲಿ ಕುಳಿತವರಿಗೆ ಇದು ಹೊಳೆಯದೆ ಇದ್ದೀತೇ?

1947ರ ಬೇಸಗೆಯ ನಂತರದ ಹದಿನಾರು ತಿಂಗಳು ಪಾಠದ ಕಾಲವಾಗಿರಲಿಲ್ಲ. ರಜಾಕಾರರ ಹಾವಳಿ ಒಂದು ಕಡೆ, ಗಡಿಯಾಚೆಯ ಶಿಬಿರಗಳು ಇನ್ನೊಂದು ಕಡೆ. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದ ಮುಂಡರಗಿಯ ಶಿಬಿರಕ್ಕೆ ಓದು ಬಿಟ್ಟು ಹೋದ ಹುಡುಗರುಂಟು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕಿತು, 17ಕ್ಕೆ ಎಲ್ಲ ಮುಗಿಯಿತು. ಚರಿತ್ರೆಯ ಪುಸ್ತಕ ಇಲ್ಲಿಗೆ ಅಧ್ಯಾಯ ಮುಗಿಸುತ್ತದೆ. ಮಾಸ್ತರರ ಕಷ್ಟ ಮೊದಲಾಗುವುದು ಇಲ್ಲಿಂದಲೇ.

ಏಕೆಂದರೆ ಶಾಲೆ ಈಗ ಕನ್ನಡವಾಗಬೇಕು. ಕಲಿಸುವವರು ಯಾರು? ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ತರಬೇತು ಪಡೆದು, ಉರ್ದುವಿನಲ್ಲಿ ಹಾಜರಿ ಬರೆಯುತ್ತಿದ್ದವನೇ ನಾಳೆಯಿಂದ ಕನ್ನಡದಲ್ಲಿ ಗಣಿತ ಹೇಳಬೇಕು. ಮನೆಯಲ್ಲಿ ಕನ್ನಡವನ್ನೇ ಆಡುವವನಾದರೂ ‘ಭಿನ್ನರಾಶಿ’ ಎಂಬ ಮಾತನ್ನು ಅವನು ಕೇಳಿರಲಿಲ್ಲ. ಅವನಿಗೆ ಅದು ‘ಕಸರ್’. ಹಳೆಯ ಮಾಸ್ತರರು ತಮ್ಮ ಮಕ್ಕಳ ವಯಸ್ಸಿನವರೊಡನೆ ಕುಳಿತು ಕನ್ನಡದ ಪರೀಕ್ಷೆಗೆ ಓದಬೇಕಾಯಿತು. ಮನೆಮಾತೇ ಉರ್ದುವಾಗಿದ್ದವರ ಕಷ್ಟ ಇನ್ನೂ ದೊಡ್ಡದು. ನಿನ್ನೆಯವರೆಗೆ ಅರಸನ ಭಾಷೆಯ ಪಂಡಿತ, ಇಂದು ಹುಡುಗರ ಮುಂದೆ ಒತ್ತಕ್ಷರ ತಪ್ಪುವ ಮುದುಕ. ನಾಡು ಬಿಡುಗಡೆಯಾದ ಸಂಭ್ರಮದಲ್ಲಿ ಈ ಜನರ ಸಂಕೋಚವನ್ನು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ. ಆದರೆ ಈ ಎರಡು ಭಾಷೆಯ ಸಂಕಟದಿಂದಲೇ ಸಂಪತ್ತು ತೆಗೆದವರೂ ಇದ್ದರು. ರಾಯಚೂರು ಜಿಲ್ಲೆಯ ಶಾಂತರಸರು ಮಾಸ್ತರಿಕೆ ಮಾಡುತ್ತಲೇ ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಶಿಕ್ಷಕರು ಸಾಲದೆ ಬಂದಾಗ ಹೊರಗಿನಿಂದ ತರಿಸುವುದೊಂದೇ ದಾರಿಯೆಂದು ಸರ್ಕಾರ ಬಗೆಯಿತು. ಇದು ಎಷ್ಟು ಸೂಕ್ಷ್ಮದ ವಿಷಯವೆಂಬುದು 1952ರಲ್ಲಿ ಬಯಲಾಯಿತು. ಸ್ಥಳೀಕರಿಗೇ ನೌಕರಿ ಎಂಬ ‘ಮುಲ್ಕಿ’ ನಿಯಮ 1919ರಿಂದಲೇ ಇತ್ತು. ಹದಿನೈದು ವರ್ಷ ನೆಲೆಸಿದವನೇ ಮುಲ್ಕಿ. ಅದನ್ನು ಮೀರಿ ಹೊರಗಿನವರನ್ನು ಶಾಲೆಗಳಲ್ಲಿ ನೇಮಿಸುತ್ತಿದ್ದಾರೆಂದು ವಾರಂಗಲ್ಲಿನಲ್ಲಿ ಹುಡುಗರು ಬೀದಿಗಿಳಿದರು. ಸೆಪ್ಟೆಂಬರ್ ಮೊದಲಲ್ಲಿ ಹೈದರಾಬಾದ್ ನಗರದಲ್ಲಿ ಗೋಲಿಬಾರಾಗಿ ಪ್ರಾಣಗಳು ಹೋದವು. ಯಾವುದೋ ಹಳ್ಳಿಯ ಶಾಲೆಗೆ ಯಾವನು ಮಾಸ್ತರನಾಗಬೇಕು ಎಂಬ ಪ್ರಶ್ನೆಗೆ ರಾಜಧಾನಿಯಲ್ಲಿ ರಕ್ತ ಬಿದ್ದದ್ದು ಇದೊಂದು ಸಲವೇ ಇರಬೇಕು. ಅದು ತೆಲಂಗಾಣದ ಜಗಳವೆಂದು ನಾವು ಮರೆತಿದ್ದೇವೆ. ರಾಯಚೂರೂ ಆಗ ಅದೇ ರಾಜ್ಯದಲ್ಲಿತ್ತು.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಇನ್ನು ಮೇಲೆ ಬೆಂಗಳೂರಿನ ಆದೇಶ. ಹಳೆಯ ಮೈಸೂರಿನಿಂದ, ಧಾರವಾಡದ ಕಡೆಯಿಂದ ತರುಣರು ಬಂದರು. ರಾಯಚೂರಿಗೆ ರೈಲು 1871ರಲ್ಲೇ ಬಂದಿತ್ತು. ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ಕೂಡಿದ್ದು ಅಲ್ಲಿಯೇ. ಆದರೆ ನಿಲ್ದಾಣದಲ್ಲಿ ಇಳಿದವನಿಗೆ ಮುಂದಿನ ಸುಮಾರು 85 ಕಿಲೋಮೀಟರು, ಮಾನ್ವಿಯ ಮೇಲೆ ಸಿಂಧನೂರಿಗೆ, ರಸ್ತೆಯೇ ಗತಿ. ಸಿಂಧನೂರಿನಿಂದ ಹಳ್ಳಿಗಳಿಗೆ ಚಕ್ಕಡಿ, ಇಲ್ಲವೆ ಕಾಲು. ಎರಿಮಣ್ಣಿನ ಸೀಮೆ ಅದು. ಬೇಸಗೆಯಲ್ಲಿ ಕಾಲು ಹೊಗುವಷ್ಟು ಬಿರುಕು. ಒಂದು ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡ ಮಣ್ಣು ಎತ್ತಿನ ಬಲವನ್ನು ಕುಡಿದುಬಿಡುತ್ತದೆ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಜಿಲ್ಲಾ ಕೇಂದ್ರಕ್ಕೆ ಬಂದ ಗಾಡಿ ತಾಲ್ಲೂಕಿಗೆ ಬರಲು ನೂರೈವತ್ತಮೂರು ವರ್ಷ ಹಿಡಿಯಿತೆಂದರೆ, ಮಾಸ್ತರರು ಬದಲಿಯ ಅರ್ಜಿ ಬರೆದದ್ದರಲ್ಲಿ ಆಶ್ಚರ್ಯವೇನಿದೆ?

ಬಂದವರಿಗೆ ಮೊದಲ ದಿನವೇ ಇನ್ನೊಂದು ಸಂಗತಿ ತಿಳಿಯುತ್ತಿತ್ತು. ಕನ್ನಡ ರಾಜ್ಯದಲ್ಲಿ ಕನ್ನಡ ಶಾಲೆಗೆ ಕನ್ನಡದ ಮಾಸ್ತರನೇ ಬಂದರೂ ಮಾತು ಕೂಡುತ್ತಿರಲಿಲ್ಲ. ‘ನಿನ್ನೆ ಯಾತಕ್ಕೋ ಸ್ಕೂಲಿಗೆ ಬರಲಿಲ್ಲ?’ ಎಂದು ಕೇಳಿದರೆ ಹುಡುಗ ಪಿಳಿಪಿಳಿ ನೋಡುತ್ತಾನೆ. ಪಕ್ಕದವಳು ತಿಳಿಯ ಹೇಳುತ್ತಾಳೆ: ‘ಸಾಲಿಗೆ ಯಾಕ ಬಂದಿಲ್ಲಂತ ಕೇಳಾಕತ್ಯಾರ.’ ಆಗ ಉತ್ತರ ಹೊರಡುತ್ತದೆ: ‘ನಮ್ಮವ್ವ ಹೊಲಕ್ಕ ಹೋಗಿದ್ಲರಿ, ತಮ್ಮನ್ನ ಆಡಿಸಿಕೋಂತ ಮನಿಯಾಗ ಇದ್ನಿರಿ.’ ಮಾಸ್ತರನಿಗೆ ಈ ‘ರಿ’ ಎಂಬುದು ಮರ್ಯಾದೆಯ ಮಾತೆಂದು ತಿಳಿಯಲು ನಾಲ್ಕು ದಿನ ಬೇಕು. ಮಗುವಿಗೆ ‘ಯಾತಕ್ಕೋ’ ಎಂಬುದರಲ್ಲಿ ಸಿಟ್ಟಿಲ್ಲವೆಂದು ತಿಳಿಯಲು ಎಂಟು ದಿನ. ಅಡಿಕೆ ತೋಟ, ಸಮುದ್ರ ಎಂಬ ಪಾಠ ಬಂದಾಗ ಮಾಸ್ತರ ಕೈಯಾಡಿಸಿ ತೋರಿಸಬೇಕು. ಆದರೆ ಬಿಳಿಜೋಳ ಎಷ್ಟು ಬಗೆ, ಜೋಳ ತುಂಬಿಡುವ ಹಗೇವನ್ನು ಹೇಗೆ ತೋಡಬೇಕು, ಪುಂಡಿಪಲ್ಯಕ್ಕೆ ಯಾವ ಹಿಟ್ಟು ಬೆರೆಸಬೇಕು ಎಂಬ ಪ್ರಶ್ನೆಗಳನ್ನು ಕೇಳಿದ್ದರೆ ಇಡೀ ತರಗತಿ ಕೈಯೆತ್ತುತ್ತಿತ್ತು. ಅಂಥ ಪ್ರಶ್ನೆ ಪುಸ್ತಕದಲ್ಲಿರಲಿಲ್ಲ.

ಊರಿನವರಿಗೆ ಮಾಸ್ತರನ ಉಪಯೋಗ ಪಾಠಕ್ಕಿಂತ ಹೆಚ್ಚಾಗಿ ಬೇರೆಡೆ ಇತ್ತು. ಸೈನ್ಯದಲ್ಲಿರುವ ಮಗನಿಗೆ ಕಾಗದ ಬರೆಯಬೇಕು. ಪಟವಾರಿ ಓದಿ ಹೇಳಿದ್ದು ನಿಜವೋ ಅಲ್ಲವೋ ಎಂದು ಗುಟ್ಟಾಗಿ ಕೇಳಬೇಕು. ಇದು ಸಣ್ಣ ಕೆಲಸವಲ್ಲ. ಹೊಲದ ಕಾಗದ ಓದಬಲ್ಲ ಎರಡನೆಯ ಮನುಷ್ಯ ಊರಿಗೆ ಬಂದಾಗ ಮೊದಲನೆಯವನ ಬಲ ಅರ್ಧಕ್ಕಿಳಿಯುತ್ತದೆ. ಪೋಲೀಸ್ ಪಾಟೀಲ, ಮಾಲಿ ಪಾಟೀಲ, ಪಟವಾರಿಗಳ ಕಟ್ಟಿನಲ್ಲಿದ್ದ ಊರುಗಳಲ್ಲಿ ಕೆಲವರಿಗೆ ಮಾಸ್ತರ ಹಿಡಿಸದೆ ಹೋದದ್ದಕ್ಕೆ ಇದೂ ಕಾರಣ. ಅವನು ಇರಲು ಮನೆ ಸಿಗದಿದ್ದರೆ ಜಾತಿಯೊಂದೇ ಕಾರಣವೆಂದು ತಿಳಿಯಬಾರದು. ಜಾತಿ ಇರುತ್ತಿರಲಿಲ್ಲವೆಂದೂ ನಾವು ಹೇಳುತ್ತಿಲ್ಲ.

ಅಷ್ಟರಲ್ಲಿ ನೀರು ಬಂತು. ತುಂಗಭದ್ರಾ ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದು 1945ರಲ್ಲಿ. 1953ರಲ್ಲಿ ಎಡದಂಡೆಯ ಕಾಲುವೆಗೆ ನೀರು ಬಿಟ್ಟರು. ಸುಮಾರು 227 ಕಿಲೋಮೀಟರು ಉದ್ದದ ಆ ಕಾಲುವೆ ಸಿಂಧನೂರು ಸೀಮೆಯನ್ನು ಎರಡು ಲೋಕವಾಗಿ ಸೀಳಿತು: ಕಾಲುವೆಯ ಕೆಳಗೆ ಭತ್ತ, ಮೇಲೆ ಮಳೆ ನೋಡುವ ಜೋಳ. ನೀರಾವರಿ ಬೇಸಾಯ ಬಲ್ಲ ಆಂಧ್ರದ ರೈತರು ಬಂದು ಭೂಮಿ ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರಿನ ಬಳಿಯೇ ನೆಲೆ ಕೊಟ್ಟರು, ಆರ್.ಹೆಚ್. ಒಂದು, ಎರಡು ಎಂದು ಇಂದಿಗೂ ಆ ಕ್ಯಾಂಪುಗಳಿಗೆ ಸಂಖ್ಯೆಯೇ ಹೆಸರು. ಹೊಸ ಮಾಸ್ತರನ ಎದುರಿಗೆ ಈಗ ಕೂತದ್ದು ಮನೆಯಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ, ಬಂಗಾಳಿ ಆಡುವ ಮಕ್ಕಳು. ಅಯ್ಯನವರ ಮರಳಿನ ಕಾಲ ಬಹಳ ಹಿಂದೆ ಹೋಯಿತು.

ಆಮೇಲಿನ ಕಥೆಯನ್ನು ಬೇಗ ಹೇಳಬಹುದು. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು 1961ರಲ್ಲಿ ಬಂತು. ಕಡ್ಡಾಯ ಕಾನೂನಿಗೇ ಉಳಿಯಿತು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ ಮೊದಲ ಸುತ್ತಿಗೆ ಕರ್ನಾಟಕದಲ್ಲಿ ಆಯ್ದ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2002ರಲ್ಲಿ ಬಿಸಿಯೂಟ ಮೊದಲಾದದ್ದೂ ರಾಯಚೂರು ಸೇರಿದ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಹಾಜರಿ ಪುಸ್ತಕವನ್ನು ತುಂಬಿದ್ದು ಕಾನೂನಿಗಿಂತ ಹೆಚ್ಚಾಗಿ ಅನ್ನದ ಹಂಡೆಯೆಂದರೆ ಅತಿಶಯವಲ್ಲ. ಇಷ್ಟಾದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75ನ್ನು ದಾಟಿದ್ದಾಗ ರಾಯಚೂರಿನದು 60ನ್ನು ಮುಟ್ಟಲಿಲ್ಲ. ಹೆಂಗಸರಲ್ಲಿ ಅರ್ಧದಷ್ಟು ಮಂದಿಗೂ ಅಕ್ಷರ ಬಂದಿರಲಿಲ್ಲ.

ಹಳೆಯ ಮುಲ್ಕಿಯ ಪ್ರಶ್ನೆಯೂ ತಿರುಗಿ ಬಂತು, ಈ ಸಲ ಗೋಲಿಬಾರಿಲ್ಲದೆ. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371-ಜೆ ಕಲಮು ಸೇರಿತು. ಅದರಂತೆ ಈ ಸೀಮೆಯ ‘ಸಿ’ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ ಎಂಬತ್ತು ಸ್ಥಳೀಕರಿಗೆ ಮೀಸಲು. ಹೊರಗಿನಿಂದ ಬಂದವನು ಕೆಲವು ವರ್ಷ ಕಳೆದು ಬದಲಿ ಮಾಡಿಸಿಕೊಂಡು ಹೋಗುವುದು, ಶಾಲೆ ಬರಿದಾಗುವುದು, ಮತ್ತೊಬ್ಬ ಬರುವುದು ಎಂಬ ರಾಟೆ ಇದರಿಂದ ನಿಂತೀತೆಂಬುದು ಆಶಯ. ನಮಗೇನೋ ಈ ವ್ಯವಸ್ಥೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸ್ಥಳೀಕನೆಂದರೆ ಊರಿನವನೆಂದಲ್ಲ. ರಾಯಚೂರಿನ ಬಡಾವಣೆಯಲ್ಲಿ ಬೆಳೆದ ಹುಡುಗಿಗೆ ಸಾಲಗುಂದ ಮೈಸೂರಿನವಳಿಗೆ ಇದ್ದಷ್ಟೇ ದೂರ. ಅವಳೂ ಸಿಂಧನೂರಿನಲ್ಲಿ ಮನೆ ಹಿಡಿದು ಬೆಳಗಿನ ಬಸ್ಸಿಗೆ ಬರುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ರಾತ್ರಿ ಕಾಗದ ಓದಿಸಿಕೊಳ್ಳಲು ಬರುವ ಮುದುಕನಿಗೆ ಈಗ ಊರಿನಲ್ಲಿ ಮಾಸ್ತರ ಸಿಗುವುದಿಲ್ಲ. ಮೊಮ್ಮಗನ ಮೊಬೈಲು ಇದೆಯೆನ್ನುತ್ತೀರಿ, ಇರಲಿ.

ಇದೇ 371-ಜೆ ಹಳೆಯ ಶಾಲೆಗಳಿಗೆ ಇನ್ನೊಂದು ಕೆಲಸವನ್ನು ತಂದಿದೆ. ಸ್ಥಳೀಕರೆಂಬ ಪತ್ರಕ್ಕಾಗಿ, ಜಾತಿಯ ಪತ್ರಕ್ಕಾಗಿ, ಜನ ತಮ್ಮ ತಂದೆಯ, ತಾತನ ಶಾಲಾ ದಾಖಲೆ ಹುಡುಕಿಕೊಂಡು ಬರುತ್ತಾರೆ. ಹೊಸದಾಗಿ ಬಂದ ಶಿಕ್ಷಕಿ ಬೀರು ತೆರೆದು, ಧೂಳು ಕೊಡವಿ, ಅಡಿಯಲ್ಲಿದ್ದ ದಾಖಲಾತಿ ಪುಸ್ತಕ ಎತ್ತುತ್ತಾಳೆ. ಅದು ಬಲದಿಂದ ಎಡಕ್ಕೆ ಬರೆದದ್ದು. ಫಸಲಿ ವರ್ಷ, ಆಜೂರ್ ತಿಂಗಳು, ಯಾವನೋ ಮುದರ್ರಿಸನ ರುಜು. ಹೊಸಿಲಲ್ಲಿ ಚಪ್ಪಲಿ ಬಿಟ್ಟು ನಿಂತ ರೈತ ಕೇಳುತ್ತಾನೆ: ‘ನಮ್ಮ ಮುತ್ಯಾನ ಹೆಸರು ಐತೇನ್ರಿ ಅಕ್ಕೋರೆ?’ ಇದ್ದರೂ ಇದ್ದೀತು. ಅವಳು ಪುಟ ತಿರುವುತ್ತಾಳೆ. ಊರಿನಲ್ಲಿ ಉರ್ದು ಬಲ್ಲ ಹಿರಿಯರು ಯಾರಿದ್ದಾರೆಂದು ವಿಚಾರಿಸಿಕೊಂಡು ಬರಲು ಏಳನೆಯ ತರಗತಿಯ ಹುಡುಗನೊಬ್ಬನನ್ನು ಓಡಿಸುತ್ತಾಳೆ.